2005ರ ಪುಸ್ತಕ, 6.8ರ ಕರ್ನಲ್: ಯಾವುದನ್ನು ನಂಬಿ ಓದುವುದು?

ಪ್ರಶ್ನೆ: ಸರ್, ನನ್ನ ಊರು ದಾವಣಗೆರೆ. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಎಂಬೆಡೆಡ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಸಿ ಭಾಷೆ ಚೆನ್ನಾಗಿ ಬರುತ್ತದೆ, ಡ್ರೈವರ್ ಬರೆಯುವ ಟೀಮಿಗೆ ಹೋಗಬೇಕು ಅಂತ ಆಸೆ. ಅವೆನ್ಯೂ ರೋಡಿನಲ್ಲಿ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ 3ನೇ ಆವೃತ್ತಿ ಮತ್ತು ‘ಅಂಡರ್‌ಸ್ಟ್ಯಾಂಡಿಂಗ್ ದ ಲಿನಕ್ಸ್ ಕರ್ನಲ್’ 3ನೇ ಆವೃತ್ತಿ ಸಿಕ್ಕವು. ಎರಡೂ ಸೇರಿ 500 ರೂಪಾಯಿ. ಮೊದಲನೆಯದರಲ್ಲಿರುವ ‘ಸ್ಕಲ್’ ಉದಾಹರಣೆಯನ್ನು ಉಬುಂಟು 24.04ರಲ್ಲಿ ಕಂಪೈಲ್ ಮಾಡಿದರೆ ಪರದೆ ತುಂಬಾ ಎರರ್. ರೂಮ್‌ಮೇಟ್ “ರದ್ದಿಗೆ ಹಾಕು, ಕರ್ನಲ್‌ಗೆ ಪುಸ್ತಕವೇ ವೇಸ್ಟ್” ಅಂತಾಳೆ. ಆಫೀಸಿನ ಸೀನಿಯರ್ ಒಬ್ಬರು “ಎರಡನೆಯದನ್ನು ಮೊದಲಿಂದ ಕೊನೆವರೆಗೂ ಓದಿ ಮುಗಿಸು, ಆಮೇಲೆ ಕೋಡ್ ಮುಟ್ಟು” ಅಂತಾರೆ. ಈಗಿನ ಕರ್ನಲ್‌ಗೆ ಸರಿಹೊಂದುವ ಹೊಸ ಪುಸ್ತಕ ಯಾವುದಾದರೂ ಇದೆಯಾ? ನನ್ನ 500 ರೂಪಾಯಿ ಹೋಯ್ತಾ? ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ, ಸಾಕಾ?

ಉತ್ತರ: 500 ರೂಪಾಯಿ ಹೋಗಿಲ್ಲ. ಆದರೆ ಆ ಪುಸ್ತಕಗಳನ್ನು ನೀವು ಓದಲು ಹೊರಟ ರೀತಿಯಲ್ಲಿ ಓದಿದರೆ ಹೋಗುತ್ತದೆ.

ನಿಮ್ಮ ಚಿಂತೆ ನಿಜವಾಗಿ ಎರಡು. ಒಂದು, ಪುಸ್ತಕ ಹೇಳುವುದು ಈಗಲೂ ನಿಜವಾ ಅಂತ ತಿಳಿಯುವುದು ಹೇಗೆ. ಇನ್ನೊಂದು, ಹೊಸದಾಗಿ ದುಡ್ಡು ಹಾಕುವುದಾದರೆ ಎಲ್ಲಿ ಹಾಕಬೇಕು. ನಾನು ಹದಿನೆಂಟು ವರ್ಷದಿಂದ ಡ್ರೈವರ್ ಕೆಲಸವನ್ನೇ, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಹಾರ್ಡ್‌ವೇರ್ ನಡೆಸುವ ಕೋಡ್ ಬರೆಯುವುದನ್ನೇ, ಮಾಡಿಕೊಂಡು ಬಂದವನು. ಟೀಮಿಗೆ ಹೊಸದಾಗಿ ಬಂದವರೆಲ್ಲ ಮೊದಲ ವಾರ ಇದೇ ಪ್ರಶ್ನೆ ಕೇಳುತ್ತಾರೆ, ಆದ್ದರಿಂದ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಿಮ್ಮ ಕೈಯಲ್ಲಿರುವ ಪುಸ್ತಕಗಳ ವಯಸ್ಸು ನೋಡೋಣ. ಎರಡೂ 2005ರವು. ಡ್ರೈವರ್ಸ್ ಪುಸ್ತಕ 2.6.10 ಕರ್ನಲ್ ಇಟ್ಟುಕೊಂಡು ಬರೆದದ್ದು, ಇನ್ನೊಂದು 2.6.11. ಇವತ್ತು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಗಿಟ್ ಟ್ರೀಯನ್ನು, ಅಂದರೆ ಪ್ರತಿ ಬದಲಾವಣೆಯನ್ನೂ ಒಂದು ಕಮಿಟ್ ಆಗಿ ದಾಖಲಿಸಿಡುವ ಕೋಡ್ ಭಂಡಾರವನ್ನು, ಇಳಿಸಿಕೊಂಡು ತೀರ ಹಿಂದಕ್ಕೆ ಹೋದರೆ ಮೊದಲ ಕಮಿಟ್ ಸಿಗುವುದು 2005ರ ಏಪ್ರಿಲ್‌ನಲ್ಲಿ, 2.6.12ರ ಎರಡನೇ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಹತ್ತಿರ. ಅಂದರೆ ನಿಮ್ಮ ಎರಡೂ ಪುಸ್ತಕ ವಿವರಿಸುವ ಕರ್ನಲ್ ಗಿಟ್ ಹುಟ್ಟುವುದಕ್ಕೂ ಮೊದಲಿನದು. ನಿಮ್ಮ ಉಬುಂಟುವಿನಲ್ಲಿ ಓಡುತ್ತಿರುವುದು 6.8. ನಡುವೆ 3.0 ಬಂತು (2011), 4.0 ಬಂತು (2015), 5.0 (2019), 6.0 (2022). ಮೊದಲ ಅಂಕಿ ಬದಲಾದಾಗ ಏನೋ ದೊಡ್ಡದು ಆಯಿತು ಅಂದುಕೊಳ್ಳಬೇಡಿ. ಎರಡನೇ ಅಂಕಿ ಎಣಿಸುವುದಕ್ಕೆ ಕಷ್ಟವಾಗುವಷ್ಟು ಬೆಳೆದಾಗ ಲಿನಸ್ ಮೊದಲಿನದನ್ನು ಒಂದು ಏರಿಸುತ್ತಾರೆ, ಅಷ್ಟೇ. ನಿಜವಾದ ಬದಲಾವಣೆ ಪ್ರತಿ 9-10 ವಾರಕ್ಕೊಮ್ಮೆ ಬರುವ ಪ್ರತಿ ಬಿಡುಗಡೆಯಲ್ಲೂ ಸ್ವಲ್ಪ ಸ್ವಲ್ಪ ಆಗುತ್ತಲೇ ಇರುತ್ತದೆ.

ಪುಸ್ತಕ ಯಾಕೆ ಹಿಂದೆ ಬೀಳುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ವರ್ಷಕ್ಕೆ ಐದಾರು ಬಿಡುಗಡೆ. ಏಳೆಂಟುನೂರು ಪುಟದ ಪುಸ್ತಕ ಬರೆದು, ತಿದ್ದಿ, ಅಚ್ಚಾಗಿ ಬರಲು ಒಂದೂವರೆ ಎರಡು ವರ್ಷ ಹಿಡಿದರೆ ಅಂಗಡಿಗೆ ಬರುವ ದಿನವೇ ಅದು ಎಂಟು ಹತ್ತು ಬಿಡುಗಡೆ ಹಿಂದೆ ಇರುತ್ತದೆ. ಇದರ ಮೇಲೆ ಕರ್ನಲ್‌ನವರ ಒಂದು ಪಟ್ಟು ಬೇರೆ ಇದೆ. ಬಳಕೆದಾರರ ಪ್ರೋಗ್ರಾಮ್‌ಗಳು ಮುರಿಯಬಾರದು, ಅದರಲ್ಲಿ ರಾಜಿ ಇಲ್ಲ. ಆದರೆ ಕರ್ನಲ್ ಒಳಗಿನ ಫಂಕ್ಷನ್‌ಗಳಿಗೆ ಯಾವ ಗ್ಯಾರಂಟಿಯೂ ಇಲ್ಲ. ಇವತ್ತು ಮೂರು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನ್ ನಾಳೆ ಎರಡು ತೆಗೆದುಕೊಳ್ಳಬಹುದು. ಯಾರು ಬದಲಾಯಿಸುತ್ತಾರೋ ಅವರೇ ಇಡೀ ಟ್ರೀಯಲ್ಲಿ ಅದನ್ನು ಕರೆಯುವ ಜಾಗಗಳನ್ನೆಲ್ಲ ಸರಿಮಾಡಬೇಕು, ಇದು ನಿಯಮ. ಟ್ರೀ ಒಳಗಿನ ಡ್ರೈವರ್‌ಗಳು ಹೀಗೆ ತಾವಾಗಿಯೇ ಸರಿಹೋಗುತ್ತವೆ. ಪುಸ್ತಕದ ಪುಟಕ್ಕೆ ಯಾರೂ ಪ್ಯಾಚ್ (ತಿದ್ದುಪಡಿ) ಕಳಿಸುವುದಿಲ್ಲ, ಅಲ್ವಾ? ಡ್ರೈವರ್ಸ್ ಪುಸ್ತಕದ 4ನೇ ಆವೃತ್ತಿ ಬರಲೇ ಇಲ್ಲ. ಅದನ್ನು ಕಾಯುತ್ತ ಕೂತಿದ್ದ ತಲೆಮಾರಿನಲ್ಲಿ ನಾನೂ ಒಬ್ಬ.

ಈಗ ನಿಮ್ಮ ಸ್ಕಲ್ ಎರರ್‌ಗಳಿಗೆ ಬರೋಣ, ಅವು ತುಂಬಾ ಒಳ್ಳೆಯ ಪಾಠ. ಒಂದೊಂದೂ ಒಂದು ಕಾಲದ ಗುರುತು.

ಮೊದಲ ಎರರ್ ‘ಲಿನಕ್ಸ್/ಕಾನ್ಫಿಗ್.ಎಚ್’ ಫೈಲ್ ಇಲ್ಲ ಅಂತ ಬಂದಿರುತ್ತದೆ. ಅದರ ಕೆಲಸವನ್ನು ಬಿಲ್ಡ್ ವ್ಯವಸ್ಥೆಯೇ ತಾನಾಗಿ ಮಾಡತೊಡಗಿದ್ದರಿಂದ ತೆಗೆದುಹಾಕಿದರು. ಆ ಸಾಲು ಅಳಿಸಿ, ಮುಂದೆ ಹೋಗಿ. ಇದರಲ್ಲಿ ಕಲಿಯುವುದು ಏನೂ ಇಲ್ಲ.

ಆಮೇಲೆ ‘ಇನಿಟ್_ಮ್ಯೂಟೆಕ್ಸ್’ ಗೊತ್ತಿಲ್ಲ ಅನ್ನುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. ಹೆಸರಿನಲ್ಲಿ ಮ್ಯೂಟೆಕ್ಸ್ ಇದ್ದರೂ ಪುಸ್ತಕದಲ್ಲಿ ಅದು ಸೆಮಾಫೋರ್. ಎರಡೂ ಹಂಚಿಕೊಂಡ ಡೇಟಾ ಕಾಯುವ ಲಾಕ್‌ಗಳೇ, ಮ್ಯೂಟೆಕ್ಸ್ ಒಂದು ಸಲಕ್ಕೆ ಒಬ್ಬರನ್ನೇ ಒಳಬಿಡುತ್ತದೆ, ಸೆಮಾಫೋರ್ ಎಣಿಕೆ ಇಟ್ಟಷ್ಟು ಜನರನ್ನು. ಲಿನಕ್ಸ್‌ಗೆ ನಿಜವಾದ ಮ್ಯೂಟೆಕ್ಸ್ ಬಂದದ್ದು 2.6.16ರಲ್ಲಿ, 2006ರಲ್ಲಿ, ಅಂದರೆ ಪುಸ್ತಕ ಅಚ್ಚಾದ ಮರುವರ್ಷ. ಈಗ ಡ್ರೈವರ್ ಬರೆಯುವವರು ನಿದ್ದೆ ಮಾಡಬಹುದಾದ (ಸಿಗುವವರೆಗೆ ಪ್ರೊಸೆಸರ್ ಬಿಟ್ಟುಕೊಟ್ಟು ಕಾಯುವ) ಲಾಕ್ ಬೇಕಾದರೆ ಕಣ್ಣುಮುಚ್ಚಿ ಮ್ಯೂಟೆಕ್ಸ್ ಹಾಕುತ್ತಾರೆ. ಪುಸ್ತಕದ ಲಾಕಿಂಗ್ ಅಧ್ಯಾಯ ಸುಳ್ಳಲ್ಲ. ಎಲ್ಲಿ ಲಾಕ್ ಬೇಕು, ಯಾವಾಗ ನಿದ್ದೆ ಮಾಡಬಾರದು ಎಂದು ಅದು ಹೇಳುವುದೆಲ್ಲ ಇಂದಿಗೂ ಸರಿ. ಉಪಕರಣದ ಹೆಸರು ಮಾತ್ರ ಬದಲಾಗಿದೆ.

ಬಳಕೆದಾರರ ಪ್ರೋಗ್ರಾಮ್ ಕೊಟ್ಟ ಮೆಮೊರಿ ವಿಳಾಸವನ್ನು ಪರೀಕ್ಷಿಸುವ ‘ಆಕ್ಸೆಸ್_ಓಕೆ’ಗೆ ಮೂರು ಆರ್ಗ್ಯುಮೆಂಟ್ ಕೊಟ್ಟಿದ್ದೀಯ, ಅದಕ್ಕೆ ಬೇಕಿರುವುದು ಎರಡೇ ಅಂತ ಇನ್ನೊಂದು ಬರುತ್ತದೆ. ಹೋದ ಆರ್ಗ್ಯುಮೆಂಟ್ ಓದುವುದಕ್ಕೋ ಬರೆಯುವುದಕ್ಕೋ ಅಂತ ಹೇಳುವಂಥದ್ದು. ಅದರ ಹಿಂದೆ ಒಂದು ಹಳೆಯ ಕಥೆ ಇದೆ. ಇಂಟೆಲ್‌ನ 386 ಚಿಪ್ ಕರ್ನಲ್ ಮೋಡ್‌ನಲ್ಲಿದ್ದಾಗ ‘ಈ ಪುಟಕ್ಕೆ ಬರೆಯಬೇಡ’ ಅನ್ನುವ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಸಾಫ್ಟ್‌ವೇರ್‌ನಲ್ಲೇ ಬೇರೆಯಾಗಿ ನೋಡಬೇಕಿತ್ತು. 386ಕ್ಕೆ ಬೆಂಬಲ 3.8ರಲ್ಲಿ ನಿಂತಿತು, ಆ ಆರ್ಗ್ಯುಮೆಂಟ್ ಮಾತ್ರ ಯಾರಿಗೂ ಬೇಡವಾಗಿ ಹಾಗೇ ಉಳಿದಿತ್ತು. 2019ರಲ್ಲಿ 5.0ಗೆ ಲಿನಸ್ ಕಿತ್ತೆಸೆದರು.

ಕೊನೆಯದು ಮುಖ್ಯ. ಡ್ರೈವರ್‌ನ ಫಂಕ್ಷನ್‌ಗಳನ್ನು ಪಟ್ಟಿಮಾಡುವ ‘ಫೈಲ್_ಆಪರೇಶನ್ಸ್’ ಸ್ಟ್ರಕ್ಚರ್‌ನಲ್ಲಿ ‘ಐಆಕ್ಟಲ್’ (ಸಾಧನಕ್ಕೆ ವಿಶೇಷ ಆಜ್ಞೆ ಕೊಡುವ ದಾರಿ) ಎಂಬ ಮೆಂಬರ್ ಇಲ್ಲ ಅನ್ನುತ್ತದೆ. ನೆಟ್‌ನಲ್ಲಿ ಹುಡುಕಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ: ‘ಅನ್‌ಲಾಕ್ಡ್_ಐಆಕ್ಟಲ್’ ಅಂತ ಬದಲಾಯಿಸಿ, ಫಂಕ್ಷನ್‌ನ ಇನೋಡ್ (ಫೈಲ್‌ನ ವಿವರ ಇಡುವ ದಾಖಲೆ) ಆರ್ಗ್ಯುಮೆಂಟ್ ತೆಗೆಯಿರಿ, ಕಂಪೈಲ್ ಆಗುತ್ತದೆ. ಹೌದು, ಆಗುತ್ತದೆ.

ಸುಮಾರು 2012ರಲ್ಲಿ ನಾನೂ ಹಾಗೇ ಮಾಡಿದೆ. ಒಂದು ಕಂಪನಿಯಲ್ಲಿ ಹಳೆಯ ಡ್ರೈವರ್ ಒಂದನ್ನು ಆಗಿನ ಹೊಸ ಕರ್ನಲ್‌ಗೆ ತರುವ ಕೆಲಸ ನನಗೆ ಬಿತ್ತು. ಎರರ್ ಬಂದಲ್ಲೆಲ್ಲ ಹೆಸರು ಬದಲಾಯಿಸಿದೆ, ಬಿಲ್ಡ್ ಆಯಿತು, ಟೆಸ್ಟ್ ಪಾಸಾಯಿತು, ಸಂಜೆ ಐದಕ್ಕೇ ಮನೆಗೆ ಹೋದೆ. ಮೂರು ವಾರದ ಮೇಲೆ ಫೀಲ್ಡ್‌ನಿಂದ ದೂರು. ಎರಡು ಮೂರು ದಿನಕ್ಕೊಮ್ಮೆ ಸಾಧನದ ಸೆಟ್ಟಿಂಗ್ ಓದಿದರೆ ಕಸ ಬರುತ್ತದೆ, ಮತ್ತೆ ಓದಿದರೆ ಸರಿ ಇರುತ್ತದೆ. ಹಾರ್ಡ್‌ವೇರ್‌ನವರನ್ನು ಬೈದೆವು, ಕೇಬಲ್ ಬದಲಾಯಿಸಿದೆವು, ಪವರ್ ಸಪ್ಲೈ ಬದಲಾಯಿಸಿದೆವು. ತಪ್ಪು ಇದ್ದದ್ದು ನಾನು ತಿದ್ದಿದ ಆ ಒಂದು ಸಾಲಿನಲ್ಲಿ.

‘ಅನ್‌ಲಾಕ್ಡ್’ ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ. ಹಳೆಯ ಐಆಕ್ಟಲ್ ಕರೆಯುವಾಗ ಕರ್ನಲ್ ‘ಬಿಗ್ ಕರ್ನಲ್ ಲಾಕ್’ ಎಂಬ ಒಂದು ದೊಡ್ಡ ಬೀಗ ಹಾಕಿಯೇ ಕರೆಯುತ್ತಿತ್ತು. ಇಡೀ ಕರ್ನಲ್‌ಗೆ ಅದೊಂದೇ ಬೀಗ. ಡ್ರೈವರ್ ಬರೆದವನು ಲಾಕ್ ಬಗ್ಗೆ ಯೋಚಿಸದಿದ್ದರೂ ಬಹಳ ಸಲ ಬಚಾವಾಗುತ್ತಿದ್ದ. ಪ್ರೊಸೆಸರ್‌ಗಳು ಜಾಸ್ತಿಯಾದಂತೆ ಎಲ್ಲರೂ ಆ ಒಂದೇ ಬೀಗಕ್ಕೆ ಕಾಯುವ ಹಾಗಾಯಿತು. ಅದಕ್ಕೆ 2.6.11ರಲ್ಲಿ ‘ನಾವು ಬೀಗ ಹಾಕುವುದಿಲ್ಲ, ನಿನ್ನದು ನೀನೇ ನೋಡಿಕೋ’ ಅನ್ನುವ ಹೊಸ ದಾರಿ ಕೊಟ್ಟರು. ನೋಡಿ, ಡ್ರೈವರ್ಸ್ ಪುಸ್ತಕ 2.6.10ರದ್ದು, ಒಂದೇ ಒಂದು ಬಿಡುಗಡೆಯಲ್ಲಿ ಇದು ತಪ್ಪಿಹೋಯಿತು. 2.6.36ರಲ್ಲಿ ಹಳೆಯ ಮೆಂಬರ್ ತೆಗೆದರು, 2011ರಲ್ಲಿ 2.6.39ಕ್ಕೆ ಆ ದೊಡ್ಡ ಬೀಗವನ್ನೇ ಕಿತ್ತರು. ನಾನು ಹೆಸರು ಬದಲಾಯಿಸಿದ್ದೆ, ಬೀಗ ಹಾಕಿರಲಿಲ್ಲ. ಎರಡು ಪ್ರೊಸೆಸ್ ಒಂದೇ ಕ್ಷಣದಲ್ಲಿ ಒಳಗೆ ಬಂದರೆ ಒಂದು ಬರೆಯುತ್ತಿರುವುದನ್ನು ಇನ್ನೊಂದು ಅರ್ಧದಲ್ಲಿ ಓದುತ್ತಿತ್ತು. ಮ್ಯೂಟೆಕ್ಸ್ ಹಾಕಿದ ಮೇಲೆ ದೂರು ನಿಂತಿತು. ಸ್ಕಲ್‌ನ ಐಆಕ್ಟಲ್ ಫಂಕ್ಷನ್ ಕೂಡ ತಾನಾಗಿ ಯಾವ ಲಾಕ್ ತೆಗೆದುಕೊಳ್ಳುವುದಿಲ್ಲ, ನೀವೇ ತೆರೆದು ನೋಡಿ.

ಹಾಗಾಗಿ ಹಳೆಯ ಪುಸ್ತಕದ ಅಪಾಯ ಇರುವುದು ಕಂಪೈಲ್ ಆಗದ ಸಾಲಿನಲ್ಲಿ ಅಲ್ಲ, ಕಂಪೈಲರ್ ಅಂಥದ್ದನ್ನು ಹಿಡಿದು ತೋರಿಸಿಬಿಡುತ್ತದೆ. ಅರ್ಥ ಬದಲಾಗಿದ್ದೂ ಕಂಪೈಲ್ ಆಗುವ ಸಾಲೇ ಅಪಾಯ.

ನಿಮ್ಮ ರೂಮ್‌ಮೇಟ್ ಮಾತು ಅರ್ಧ ಸರಿ. ಫಂಕ್ಷನ್ ಹೆಸರಿಗಾಗಿ ಪುಸ್ತಕ ಓದುವುದು ವೇಸ್ಟೇ. ಆದರೆ ಸೋರ್ಸ್ ಕೋಡ್ ಮಾತ್ರ ಸಾಕು ಅನ್ನುವವರು ಸೋರ್ಸ್ ಎಷ್ಟಿದೆ ಅಂತ ಮರೆಯುತ್ತಾರೆ. 1991ರ ಮೊದಲ ಲಿನಕ್ಸ್ ಸುಮಾರು 10,000 ಸಾಲು. ಅದನ್ನು ಒಂದು ವಾರಾಂತ್ಯದಲ್ಲಿ ಓದಬಹುದಿತ್ತು. ಈಗ 4 ಕೋಟಿ ಸಾಲಿನ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ. ನಕ್ಷೆ ಇಲ್ಲದೆ ಅಲ್ಲಿಗೆ ಇಳಿದರೆ ಕೆ.ಆರ್. ಮಾರ್ಕೆಟ್‌ನಲ್ಲಿ ಹಬ್ಬದ ಹಿಂದಿನ ದಿನ ಒಂದು ಮಳಿಗೆ ಹುಡುಕಿದ ಹಾಗೆ.

ಸೀನಿಯರ್ ಮಾತು ಇನ್ನೂ ಅಪಾಯ ಅಂತ ನನ್ನ ಅನಿಸಿಕೆ, ಬೇಜಾರಾಗಬೇಡಿ. ಅವರು ಓದಿದ ಕಾಲಕ್ಕೆ ಆ ಪುಸ್ತಕಕ್ಕೂ ಕರ್ನಲ್‌ಗೂ ಅಂತರ ಕಡಿಮೆ ಇತ್ತು, ಆಗ ಅದು ಸರಿಯಾದ ಸಲಹೆ. ಇವತ್ತು ಅದನ್ನು ಮೊದಲಿಂದ ಕೊನೆವರೆಗೆ ಓದಿದರೆ ಇತಿಹಾಸವನ್ನೂ ವರ್ತಮಾನವನ್ನೂ ಒಂದೇ ಬುಟ್ಟಿಗೆ ಹಾಕಿಕೊಳ್ಳುತ್ತೀರಿ. ಅಧ್ಯಾಯಗಳು ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಫೈಲ್ ಸಿಸ್ಟಮ್‌ನ ಮೇಲ್ಪದರ, ಅಂದರೆ ವಿಎಫ್ಎಸ್, ಅದರ ಇನೋಡ್, ಡೆಂಟ್ರಿ (ಹೆಸರಿನಿಂದ ಇನೋಡ್‌ಗೆ ಕೊಂಡಿ) ಲೆಕ್ಕಾಚಾರ ಇಂದಿಗೂ ಅದೇ ಬಂಧದ್ದು, ಓದಿ. ಸಿಗ್ನಲ್‌ಗಳ ಅಧ್ಯಾಯ ಓದಿ. ಮೆಮೊರಿಯಲ್ಲಿ ಪುಟಗಳನ್ನು ಹಂಚುವ ಬಡ್ಡಿ (ಇಂಗ್ಲಿಷಿನ buddy, ಜೊತೆಗಾರ) ಅಲೊಕೇಟರ್ ಭಾಗ ಓದಿ. ಅದರ ಪಕ್ಕದಲ್ಲೇ ಇರುವ, ಸಣ್ಣ ತುಂಡುಗಳನ್ನು ಹಂಚುವ ಸ್ಲ್ಯಾಬ್ ಅಲೊಕೇಟರ್ ಕೋಡ್ 6.8ರಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಅದೇ ಆವೃತ್ತಿಯಲ್ಲಿ, ಟ್ರೀಯಿಂದ ಹೊರಗೆ ಹೋಯಿತು, ಈಗ ಉಳಿದಿರುವುದು ಅದೇ ಕೆಲಸ ಮಾಡುವ ಸ್ಲಬ್ ಒಂದೇ. ಪ್ರತಿ ಪ್ರೊಸೆಸ್‌ನ ಮೆಮೊರಿ ಪ್ರದೇಶಗಳನ್ನು ಕೆಂಪು-ಕಪ್ಪು ಮರ ಎಂಬ ಡೇಟಾ ರಚನೆಯಲ್ಲಿ ಇಡುತ್ತಾರೆ ಅಂತ ಪುಸ್ತಕ ಹೇಳುತ್ತದೆ. 6.1ರಿಂದ ಅದು ಮೇಪಲ್ ಟ್ರೀ. ಪ್ರೊಸೆಸರ್ ಯಾವಾಗ ಯಾವ ಪ್ರೊಸೆಸ್‌ಗೆ ಅಂತ ನಿರ್ಧರಿಸುವ ಶೆಡ್ಯೂಲರ್‌ನ ಅಧ್ಯಾಯವಂತೂ ಎರಡು ತಲೆಮಾರು ಹಿಂದಿನದು. ಅದು ಹೇಳುವ ಓ(1) ಶೆಡ್ಯೂಲರ್ 2007ರಲ್ಲಿ 2.6.23ಕ್ಕೆ ಹೋಯಿತು, ಜಾಗಕ್ಕೆ ಸಿಎಫ್ಎಸ್ ಬಂತು. 2023ರಲ್ಲಿ 6.6ಕ್ಕೆ ಸಿಎಫ್ಎಸ್ ಜಾಗಕ್ಕೆ ಇಇವಿಡಿಎಫ್ ಬಂತು. ಆ ಅಧ್ಯಾಯವನ್ನು ಬಿಟ್ಟೇಬಿಡಿ.

ಡ್ರೈವರ್ಸ್ ಪುಸ್ತಕದಲ್ಲೂ ಹೀಗೇ. ಕ್ಯಾರೆಕ್ಟರ್ ಡ್ರೈವರ್, ಲಾಕಿಂಗ್, ಬ್ಲಾಕಿಂಗ್ ಐಓ, ಇಂಟರಪ್ಟ್ (ಸಾಧನ ಪ್ರೊಸೆಸರ್‌ನ ಗಮನ ಸೆಳೆಯುವ ಸೂಚನೆ) ಅಧ್ಯಾಯಗಳ ವಿಚಾರ ಗಟ್ಟಿ. ಇಂಟರಪ್ಟ್ ಹ್ಯಾಂಡ್ಲರ್‌ಗೆ ಈಗ ಮೂರರ ಬದಲು ಎರಡೇ ಆರ್ಗ್ಯುಮೆಂಟ್, ಅದನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ಬ್ಲಾಕ್ ಡ್ರೈವರ್ ಅಧ್ಯಾಯ ಬಿಡಿ, ಆ ಇಡೀ ಹಳೆಯ ವ್ಯವಸ್ಥೆ 5.0ರಲ್ಲಿ ಹೋಯಿತು. ಆದರೆ ದೊಡ್ಡ ಕೊರತೆ ಪುಸ್ತಕದಲ್ಲಿ ಇಲ್ಲದ್ದು: ಡಿವೈಸ್ ಟ್ರೀ, ಅಂದರೆ ಬೋರ್ಡ್ ಮೇಲೆ ಯಾವ ಹಾರ್ಡ್‌ವೇರ್ ಎಲ್ಲಿದೆ ಅಂತ ಕರ್ನಲ್‌ಗೆ ಹೇಳುವ ವಿವರಣೆ. ಎಂಬೆಡೆಡ್ ಕೆಲಸಕ್ಕೆ, ಅಂದರೆ ಆರ್ಮ್ ಬೋರ್ಡ್‌ಗೆ, ಡಿವೈಸ್ ಟ್ರೀ ಗೊತ್ತಿಲ್ಲದೆ ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ದಾಟುವುದು ಕಷ್ಟ. ‘ಡೆವ್ಎಮ್’ ಅಂತ ಶುರುವಾಗುವ ಫಂಕ್ಷನ್‌ಗಳ ಕುಟುಂಬವೂ ಅದರಲ್ಲಿಲ್ಲ. ಡ್ರೈವರ್ ಹೊರಹೋಗುವಾಗ ಮೆಮೊರಿ, ಇಂಟರಪ್ಟ್ ಎಲ್ಲ ತಾನಾಗಿ ಬಿಡುಗಡೆ ಮಾಡುವಂಥವು ಅವು. ಇವತ್ತಿನ ಯಾವ ಡ್ರೈವರ್ ತೆರೆದರೂ ಕಾಣಿಸುತ್ತವೆ. ಈ ಪುಸ್ತಕ ನೆಟ್‌ನಲ್ಲಿ ಕಾನೂನುಬದ್ಧವಾಗಿ ಉಚಿತವಾಗಿಯೇ ಸಿಗುತ್ತದೆ, ಅದನ್ನು ಹೇಳಿ ನಿಮ್ಮ ಹೊಟ್ಟೆ ಉರಿಸಬಾರದಿತ್ತು. ಕಾಗದದಲ್ಲಿ ಪೆನ್ಸಿಲ್ ಗುರುತು ಹಾಕಬಹುದಲ್ಲ, ಹಾಗಂದುಕೊಳ್ಳಿ.

ಹೊಸ ಪುಸ್ತಕ ಇದೆಯಾ ಅಂದರೆ, ಇದೆ. ಕೈವಾನ್ ಬಿಲಿಮೋರಿಯಾ ಅವರ ‘ಲಿನಕ್ಸ್ ಕರ್ನಲ್ ಪ್ರೋಗ್ರಾಮಿಂಗ್’ 2ನೇ ಆವೃತ್ತಿ, 2024ರದ್ದು, 6.1 ಎಲ್‌ಟಿಎಸ್ (ವರ್ಷಗಟ್ಟಲೆ ತಿದ್ದುಪಡಿ ಸಿಗುವ) ಕರ್ನಲ್ ಮೇಲೆ ಬರೆದದ್ದು. ಕರ್ನಲ್ ಬಿಲ್ಡ್ ಮಾಡುವುದು, ಮಾಡ್ಯೂಲ್ (ಓಡುತ್ತಿರುವ ಕರ್ನಲ್‌ಗೆ ಸೇರಿಸಬಹುದಾದ ಕೋಡ್ ತುಂಡು) ಬರೆಯುವುದು, ಮೆಮೊರಿ, ಲಾಕಿಂಗ್ ಎಲ್ಲವನ್ನೂ ಕೈಹಿಡಿದು ಮಾಡಿಸುತ್ತದೆ. ನಿಮ್ಮ ಸ್ಥಿತಿಗೆ ಒಂದೇ ಒಂದು ಪುಸ್ತಕ ಕೊಳ್ಳುವುದಾದರೆ ಇದನ್ನೇ ಹೇಳುತ್ತೇನೆ. ಆದರೂ ಲೆಕ್ಕ ಹಾಕಿ ನೋಡಿ: ಇದು 6.1, ಶೆಡ್ಯೂಲರ್ ಬದಲಾದದ್ದು 6.6ರಲ್ಲಿ. 2024ರ ಪುಸ್ತಕವೂ ಒಂದು ಜಾಗದಲ್ಲಿ ಆಗಲೇ ಹಿಂದೆ. ಅಚ್ಚಾದ ವರ್ಷ ನೋಡಿ ನಂಬಬೇಡಿ ಅನ್ನುವುದು ಇದಕ್ಕೇ. ಇಂಥ ಕೈಹಿಡಿದು ಮಾಡಿಸುವ ಪುಸ್ತಕಗಳಿಗೆ ಇನ್ನೊಂದು ಮಿತಿಯೂ ಇದೆ. ‘ಹೇಗೆ’ ಚೆನ್ನಾಗಿ ಬರುತ್ತದೆ, ‘ಯಾಕೆ ಹೀಗೆ’ ಅನ್ನುವುದು ಹಳೆಯ ಎರಡು ಪುಸ್ತಕಗಳಲ್ಲಿ ಇರುವಷ್ಟು ಆಳವಾಗಿ ಬರುವುದಿಲ್ಲ. ಡ್ರೈವರ್ ಕಡೆಗೆ, ಡಿವೈಸ್ ಟ್ರೀ ಸಮೇತ, ಜಾನ್ ಮದಿಯು ಅವರ ‘ಲಿನಕ್ಸ್ ಡಿವೈಸ್ ಡ್ರೈವರ್ ಡೆವಲಪ್‌ಮೆಂಟ್’ 2ನೇ ಆವೃತ್ತಿ (2022) ಇದೆ. ಆಫೀಸಿನಲ್ಲಿ ಇ-ಪುಸ್ತಕದ ಚಂದಾ ಇದೆಯಾ ಅಂತ ಮೊದಲು ವಿಚಾರಿಸಿ. ಬಹಳ ಕಂಪನಿಗಳಲ್ಲಿ ಇರುತ್ತದೆ, ಯಾರೂ ಹೇಳುವುದಿಲ್ಲ.

ರಾಬರ್ಟ್ ಲವ್ ಅವರ ‘ಲಿನಕ್ಸ್ ಕರ್ನಲ್ ಡೆವಲಪ್‌ಮೆಂಟ್’ 3ನೇ ಆವೃತ್ತಿ 2010ರದ್ದು, 2.6.34. ಹಳೆಯದೇ. ಆದರೂ ಸಣ್ಣದು, ಓದಿಸಿಕೊಂಡು ಹೋಗುತ್ತದೆ. ಯಾರಾದರೂ ಕೊಟ್ಟರೆ ಬಸ್ಸಿನಲ್ಲಿ ಓದಿ, ದುಡ್ಡು ಕೊಟ್ಟು ತರಬೇಡಿ.

ಅಂಗಡಿಯಲ್ಲಿ ನಿಂತು ಪುಸ್ತಕದ ವಯಸ್ಸು ಹಿಡಿಯಲು ನನ್ನದೊಂದು ಉಪಾಯ ಇದೆ. ಮುನ್ನುಡಿಯಲ್ಲಿ ಕರ್ನಲ್ ಆವೃತ್ತಿ ಹುಡುಕಿ. ಬರೆದಿಲ್ಲ ಅಂದರೆ ಅಲ್ಲೇ ಕೆಳಗಿಡಿ. ಬರೆದಿದ್ದರೂ ಲೇಖಕರು ಹಳೆಯ ಅಧ್ಯಾಯಕ್ಕೆ ಹೊಸ ಅಂಕಿ ಅಂಟಿಸಿರಬಹುದು, ಆದ್ದರಿಂದ ಹಿಂದಿನ ಪದಸೂಚಿ ತೆಗೆದು ನಾಲ್ಕು ಪದ ನೋಡಿ. ‘ಟೈಮರ್_ಸೆಟಪ್’ ಇದ್ದರೆ 4.15 ಅಥವಾ ಅದಕ್ಕಿಂತ ಈಚೆಗೆ ಅಂದುಕೊಳ್ಳಬಹುದು. ‘ಫೋಲಿಯೊ’ ಇದ್ದರೆ 5.16 ಆದಮೇಲೆ. ‘ಮೇಪಲ್ ಟ್ರೀ’ ಇದ್ದರೆ 6.1. ‘ಇಇವಿಡಿಎಫ್’ ಇದ್ದರೆ 6.6 ದಾಟಿದೆ. ಒಂದೂ ಇಲ್ಲದೆ ಮುಖಪುಟದಲ್ಲಿ ‘ಲೇಟೆಸ್ಟ್’ ಅಂತ ಇದ್ದರೆ ನಿಮಗೆ ಗೊತ್ತಾಯಿತಲ್ಲ.

ಇನ್ನು ದುಡ್ಡು ಬೇಡದವು. ಕರ್ನಲ್ ಸೋರ್ಸ್ ಒಳಗೇ ‘ಡಾಕ್ಯುಮೆಂಟೇಶನ್’ ಎಂಬ ಫೋಲ್ಡರ್ ಇದೆ. ಕೆಲವು ಫೈಲ್‌ಗಳು ಚಿನ್ನ, ಕೆಲವು ನಿಮ್ಮ ಪುಸ್ತಕದಷ್ಟೇ ಹಳೆಯವು, ಸರಕಾರಿ ಕಚೇರಿಯ ನೋಟಿಸ್ ಬೋರ್ಡ್ ಹಾಗೆ. ‘ಲಿನಕ್ಸ್ ಕರ್ನಲ್ ಮಾಡ್ಯೂಲ್ ಪ್ರೋಗ್ರಾಮಿಂಗ್ ಗೈಡ್’ ಅಂತ ಒಂದು ಉಚಿತ ಪುಸ್ತಕ ಇದೆ. ಹಳೆಯದೊಂದನ್ನು ಈಗಿನ ಕರ್ನಲ್‌ಗಳಿಗೆ ತಿದ್ದುತ್ತಲೇ ಇದ್ದಾರೆ, ಅದರ ಉದಾಹರಣೆಗಳು ಕಂಪೈಲ್ ಆಗುತ್ತವೆ. ಬೂಟ್‌ಲಿನ್ ಎಂಬ ಫ್ರಾನ್ಸ್‌ನ ಕಂಪನಿ ತನ್ನ ತರಬೇತಿ ಸ್ಲೈಡ್‌ಗಳನ್ನೆಲ್ಲ ಉಚಿತವಾಗಿ ಕೊಡುತ್ತದೆ. ಡಿವೈಸ್ ಟ್ರೀಗೆ ನಾನು ನಮ್ಮ ಹುಡುಗರಿಗೆ ಕೊಡುವುದು ಅದನ್ನೇ. ಎಲ್‌ಡಬ್ಲ್ಯೂಎನ್ ಎಂಬ ವಾರಪತ್ರಿಕೆ 1998ರಿಂದ ನಡೆಯುತ್ತಿದೆ. ನಿಮ್ಮ ಡ್ರೈವರ್ಸ್ ಪುಸ್ತಕದ ಮೂವರು ಲೇಖಕರಲ್ಲಿ ಒಬ್ಬರಾದ ಜಾನಥನ್ ಕಾರ್ಬೆಟ್ ಅವರೇ ಅದರ ಸಂಪಾದಕರು. ಹೊಸದೊಂದು ಕರ್ನಲ್‌ಗೆ ಬರುವಾಗ ಅದು ಯಾಕೆ ಬೇಕಾಯಿತು, ಯಾರು ಯಾಕೆ ಜಗಳ ಆಡಿದರು ಅಂತ ಬರೆಯುತ್ತಾರೆ. ಚಂದಾ ಇಲ್ಲದವರಿಗೆ ಒಂದೆರಡು ವಾರ ತಡವಾಗಿ ಸಿಗುತ್ತದೆ. 4ನೇ ಆವೃತ್ತಿ ಬರಲಿಲ್ಲ ಅಂದೆನಲ್ಲ, ನನ್ನ ಲೆಕ್ಕದಲ್ಲಿ ಆ ಲೇಖನಗಳೇ ಅದರ 4ನೇ ಆವೃತ್ತಿ.

ಇವೆಲ್ಲದರ ತೊಂದರೆ ಒಂದೇ, ಕ್ರಮ ಇಲ್ಲ. ಇವತ್ತು ಲಾಕ್ ಬಗ್ಗೆ ಓದಿ, ನಾಳೆ ನೆಟ್‌ವರ್ಕ್, ನಾಡಿದ್ದು ರಸ್ಟ್ ಭಾಷೆ ಅಂತ ಅಲೆದರೆ ಆರು ತಿಂಗಳ ಮೇಲೆ ಎಲ್ಲದರ ಹೆಸರೂ ಗೊತ್ತಿರುತ್ತದೆ, ಒಂದು ಡ್ರೈವರೂ ಬರೆದಿರುವುದಿಲ್ಲ. ಕ್ರಮಕ್ಕೆ ಒಂದು ಪುಸ್ತಕ ಇಟ್ಟುಕೊಳ್ಳಿ, ನಿಜಾಂಶಕ್ಕೆ ಸೋರ್ಸ್ ನೋಡಿ.

ಕಾಲೇಜಿನ ಓಎಸ್ ಪಾಠ ಮರೆತಿದ್ದರೆ ಮಾತ್ರ ಇನ್ನೊಂದು ಸುತ್ತು ಬಳಸಿ ಬನ್ನಿ. ಎಂಐಟಿಯಲ್ಲಿ ಪಾಠಕ್ಕಾಗಿ ಬರೆದ ಎಕ್ಸ್‌ವಿ6 ಅಂತ ಒಂದು ಪುಟ್ಟ ಕರ್ನಲ್ ಇದೆ, ಈಗ ರಿಸ್ಕ್-ಫೈವ್ ಪ್ರೊಸೆಸರ್ ಮೇಲೆ ಓಡುತ್ತದೆ. ಹತ್ತು ಸಾವಿರ ಸಾಲಿಗೂ ಕಡಿಮೆ, ಜೊತೆಗೆ ಅದನ್ನು ವಿವರಿಸುವ ಸಣ್ಣ ಪುಸ್ತಕ, ಎರಡೂ ಉಚಿತ. ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕೋರಿಕೆ) ಒಂದು ಬಳಕೆದಾರರ ಕಡೆಯಿಂದ ಹೊರಟು ಕರ್ನಲ್ ಒಳಗೆ ಹೋಗಿ ವಾಪಸ್ ಬರುವುದನ್ನು ಒಂದು ಮಧ್ಯಾಹ್ನದಲ್ಲಿ ಪೂರ್ತಿ ಹಿಂಬಾಲಿಸಬಹುದು. ಲಿನಕ್ಸ್‌ನಲ್ಲಿ ಅದನ್ನೇ ಮಾಡಲು ಹೋದರೆ ಮ್ಯಾಕ್ರೊಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ. ಎಕ್ಸ್‌ವಿ6 ನೋಡಿ ಯಾರೂ ಕೆಲಸ ಕೊಡುವುದಿಲ್ಲ, ಅದು ನಿಜ. ಎರಡು ಮೂರು ವಾರಕ್ಕಿಂತ ಜಾಸ್ತಿ ಅಲ್ಲಿ ಕೂರಬೇಡಿ.

ಹೆಸರು ಬದಲಾದದ್ದನ್ನು ಹಿಡಿಯುವ ಕೆಲಸ ಒಮ್ಮೆ ತೋರಿಸುತ್ತೇನೆ. ನಿಮ್ಮ ಪುಸ್ತಕದ ಟೈಮರ್ ಅಧ್ಯಾಯದಲ್ಲಿ ‘ಇನಿಟ್_ಟೈಮರ್’ ಇದೆ, 6.8ರಲ್ಲಿ ಇಲ್ಲ. ಲಿನಸ್ ಅವರ ಟ್ರೀಯನ್ನು ಕ್ಲೋನ್ ಮಾಡಿ, ಕೆಲವು ಜಿಬಿ ಆಗುತ್ತದೆ, ರಾತ್ರಿ ಹಾಕಿ ಮಲಗಿ. ಆಮೇಲೆ ‘ಗಿಟ್ ಲಾಗ್’ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಆ ಹೆಸರನ್ನು ಹಾಕಿ. ಆ ಪದ ಸೇರಿದ ಅಥವಾ ಹೋದ ಕಮಿಟ್‌ಗಳನ್ನು ಅದು ಹುಡುಕುತ್ತದೆ. ಇಡೀ ಟ್ರೀ ಮೇಲೆ ಬಿಟ್ಟರೆ ಊಟ ಮಾಡಿ ಬಂದರೂ ಮುಗಿದಿರುವುದಿಲ್ಲ, ಅದಕ್ಕೇ ಟೈಮರ್‌ನ ಹೆಡರ್ ಫೈಲ್ ಒಂದನ್ನೇ ಹೆಸರಿಸಿ. 4.15ರ ಹೊತ್ತಿನ ಒಂದು ಗುಂಪು ಕಮಿಟ್ ಸಿಗುತ್ತದೆ. ಅದರ ಸಂದೇಶ ಓದಿ. ಹಳೆಯ ಟೈಮರ್‌ನಲ್ಲಿ ಕರೆಯಬೇಕಾದ ಫಂಕ್ಷನ್‌ನ ವಿಳಾಸ ಮತ್ತು ಅದಕ್ಕೆ ಕೊಡುವ ಆರ್ಗ್ಯುಮೆಂಟ್ ಎರಡೂ ಅಕ್ಕಪಕ್ಕ ಇರುತ್ತಿದ್ದವು. ಪಕ್ಕದ ಮೆಮೊರಿಯಿಂದ ತುಂಬಿ ಹರಿಸಿ ಎರಡನ್ನೂ ತಿದ್ದಿಬಿಟ್ಟರೆ ದಾಳಿಕೋರ ತನಗೆ ಬೇಕಾದ ಫಂಕ್ಷನ್‌ಗೆ ತನಗೆ ಬೇಕಾದ ಮೌಲ್ಯ ಕೊಟ್ಟು ಓಡಿಸಬಹುದಿತ್ತು. ಅದಕ್ಕೇ ಆರ್ಗ್ಯುಮೆಂಟ್ ತೆಗೆದು ಟೈಮರ್‌ನ ಪಾಯಿಂಟರನ್ನೇ ಕೊಡುವ ಹಾಗೆ ಮಾಡಿದರು. ಈಗ ನಿಮಗೆ ಹೊಸ ಹೆಸರೂ ಸಿಕ್ಕಿತು, ಕಾರಣವೂ ಸಿಕ್ಕಿತು, ನೂರಾರು ಡ್ರೈವರ್‌ಗಳನ್ನು ಹಳತರಿಂದ ಹೊಸದಕ್ಕೆ ಹೇಗೆ ತಂದರು ಅನ್ನುವ ಉದಾಹರಣೆಯೂ ಸಿಕ್ಕಿತು. ಪುಸ್ತಕದ ಆ ಪುಟದ ಅಂಚಿನಲ್ಲಿ ‘4.15’ ಅಂತ ಬರೆಯಿರಿ.

ಎಐ ಚಾಟ್‌ಗಳನ್ನು ಕೇಳಬಹುದಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕೇಳಿ. ಅವು ಕಲಿತದ್ದು ಇಪ್ಪತ್ತು ವರ್ಷದ ಕೋಡ್ ಅನ್ನು ಒಟ್ಟಿಗೆ ಕಲಸಿ. ನಾನು ನೋಡಿದಂತೆ ಒಂದೇ ಉತ್ತರದಲ್ಲಿ 2.6ರ ಟೈಮರ್, 5ರ ಸುತ್ತಿನ ‘ಕ್ಲಾಸ್_ಕ್ರಿಯೇಟ್’, 6ರ ಹೆಡರ್ ಎಲ್ಲ ಸೇರಿ ಬರುತ್ತವೆ. ‘ಕ್ಲಾಸ್_ಕ್ರಿಯೇಟ್’ಗೆ 6.4ರಿಂದ ಒಂದೇ ಆರ್ಗ್ಯುಮೆಂಟ್, ಇದನ್ನು ಕೊಟ್ಟು ಪರೀಕ್ಷೆ ಮಾಡಿ ನೋಡಿ. ಆವೃತ್ತಿ ಹೇಳಿ ಕೇಳಿದರೆ ಸ್ವಲ್ಪ ವಾಸಿ. ಆದರೂ ಸೋರ್ಸ್‌ನಲ್ಲಿ ನೋಡಿಯೇ ನಂಬಿ.

ಕೆಲವರು ಇನ್ನೊಂದು ದಾರಿ ಹೇಳುತ್ತಾರೆ: ಪುಸ್ತಕಕ್ಕೆ ಹೊಂದುವ ಹಳೆಯ ಕರ್ನಲ್ಲನ್ನೇ ಬಿಲ್ಡ್ ಮಾಡು ಅಂತ. ಓದುವುದಕ್ಕೆ 2.6.12ರ ಟ್ಯಾಗ್ ತೆರೆದಿಟ್ಟುಕೊಳ್ಳಿ, ಚೆನ್ನಾಗಿರುತ್ತದೆ. ಬಿಲ್ಡ್ ಮಾಡಲು ಹೋಗಬೇಡಿ. ಆ ಕರ್ನಲ್‌ಗಳು ಜಿಸಿಸಿ ಕಂಪೈಲರ್‌ನ ಒಂದೊಂದು ಆವೃತ್ತಿಗೂ ಬೇರೆ ಹೆಡರ್ ಫೈಲ್ ಹುಡುಕುತ್ತವೆ, ಈಗಿನ ಜಿಸಿಸಿಗೆ ಅಂಥ ಫೈಲೇ ಇಲ್ಲ. ಹಳೆಯ ಕಂಪೈಲರ್, ಹಳೆಯ ಡಿಸ್ಟ್ರೊ ಅಂತ ಒಂದರ ಹಿಂದೆ ಒಂದು ಹುಡುಕುತ್ತ ತಿಂಗಳು ಕಳೆಯುತ್ತದೆ.

ನಾನು ನಿಮ್ಮ ಜಾಗದಲ್ಲಿ ಇದ್ದರೆ ಮಾಡ್ಯೂಲ್ ಗೈಡ್‌ನ ಮೊದಲ ಐದಾರು ಉದಾಹರಣೆ ಒಂದು ವಾರಾಂತ್ಯದಲ್ಲಿ ಮುಗಿಸಿ, ಸ್ಕಲ್‌ಗೆ ವಾಪಸ್ ಬಂದು ಅದನ್ನು 6.8ಕ್ಕೆ ತರುತ್ತಿದ್ದೆ. ಎರರ್ ಒಂದಕ್ಕೆ ಒಂದು ಕಮಿಟ್ ಹುಡುಕಿ, ಯಾಕೆ ಬದಲಾಯಿತು ಅಂತ ಎರಡು ಸಾಲು ಬರೆದಿಡುತ್ತಿದ್ದೆ. ಐಆಕ್ಟಲ್‌ನಲ್ಲಿ ಬೀಗ ಮರೆಯುತ್ತಿರಲಿಲ್ಲ. ಇಂಟರ್‌ವ್ಯೂನಲ್ಲಿ ನನ್ನ ಎದುರು ಕೂತು ಯಾರಾದರೂ ಆ ನೋಟ್‌ಬುಕ್ ತೆರೆದರೆ ನಾನು ಪುಸ್ತಕದ ಪ್ರಶ್ನೆ ಕೇಳುವುದೇ ಇಲ್ಲ.

ಲ್ಯಾಪ್‌ಟಾಪ್ ವಿಷಯ. 8 ಜಿಬಿ ಸಾಕು. ಆದರೆ ದಯವಿಟ್ಟು ಮಾಡ್ಯೂಲ್‌ಗಳನ್ನು ನೇರ ಅದರ ಮೇಲೆ ಲೋಡ್ ಮಾಡಬೇಡಿ. ತಪ್ಪು ಪಾಯಿಂಟರ್ ಒಂದು ಸಾಕು, ಮಿಷನ್ ಅಲ್ಲೇ ನಿಂತುಬಿಡುತ್ತದೆ, ಕೆಲವೊಮ್ಮೆ ಬರೆಯುತ್ತಿದ್ದ ಫೈಲೂ ಹೋಗುತ್ತದೆ. ಕ್ಯೂಎಮು (ಲ್ಯಾಪ್‌ಟಾಪ್ ಒಳಗೇ ಇನ್ನೊಂದು ಮಿಷನ್ ಓಡಿಸುವ ಪ್ರೋಗ್ರಾಮ್) ಹಾಕಿ, ಒಳಗಿನ ಮಿಷನ್‌ಗೆ 2 ಜಿಬಿ ಕೊಟ್ಟರೆ ಧಾರಾಳ. ಮೊದಲ ಸಲ ಪೂರ್ತಿ ಕರ್ನಲ್ ಬಿಲ್ಡ್ ಮಾಡುವಾಗ ಉಬುಂಟುವಿನ ಕಾನ್ಫಿಗ್ ಹಾಗೇ ತೆಗೆದುಕೊಳ್ಳಬೇಡಿ. ಜಗತ್ತಿನ ಎಲ್ಲ ಹಾರ್ಡ್‌ವೇರ್‌ನ ಡ್ರೈವರ್ ಅದರಲ್ಲಿದೆ, ಗಂಟೆಗಟ್ಟಲೆ ಓಡುತ್ತದೆ, ಡಿಸ್ಕ್ ತುಂಬುತ್ತದೆ. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಟ್ಟರೆ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಅದನ್ನು ಓಡಿಸುವ ಮೊದಲು ನಿಮ್ಮ ಪೆನ್ ಡ್ರೈವ್, ಯುಎಸ್‌ಬಿ ಸೀರಿಯಲ್ ಕೇಬಲ್ ಎಲ್ಲ ಒಮ್ಮೆ ಚುಚ್ಚಿಡಿ, ಇಲ್ಲದಿದ್ದರೆ ಹೊಸ ಕರ್ನಲ್‌ನಲ್ಲಿ ಅವು ಕಾಣಿಸುವುದಿಲ್ಲ.